ಗಂಜಿಮನೆಯ ಗೋಡೆ

ಮಧುಗಿರಿಯಿಂದ ಮಿಡಿಗೇಶಿಗೆ ಹೋಗುವ ದಾರಿಯಲ್ಲಿ, ರಸ್ತೆಯಿಂದ ಸ್ವಲ್ಪ ಒಳಗೆ, ಒಂದು ಉದ್ದನೆಯ ಕಲ್ಲಿನ ಕಟ್ಟಡವಿತ್ತು. ಕಿಟಕಿಗಳಿಲ್ಲ, ಎರಡು ತುದಿಗೆ ಎರಡು ಬಾಗಿಲು. ಬಿಳಿಯರ ರಾಣಿಯ ಕಾಲದಲ್ಲಿ, ಧಾತು ಸಂವತ್ಸರದ ಬರದಲ್ಲಿ, ಜನರಿಂದ ಕಲ್ಲು ಒಡೆಸಿ ಗಂಜಿ ಕೊಡುತ್ತಿದ್ದ ಜಾಗ. ಎಲ್ಲರೂ ಗಂಜಿಮನೆ ಎನ್ನುತ್ತಿದ್ದರು. ನಾನು ಹುಟ್ಟುವ ಹೊತ್ತಿಗೆ ಅದರಲ್ಲಿ ಕುರಿ ಕೂಡುತ್ತಿದ್ದರು. ಅದನ್ನು ಕುರಿಗಳಿಂದ ಬಿಡಿಸಿ, ಗುಡಿಸಿ, ‘ಸಂರಕ್ಷಿತ’ ಎಂಬ ನೀಲಿ ಬೋರ್ಡು ಹಾಕಿಸುವ ತನಕ ಅರ್ಜಿ ಬರೆದವರು ನಮ್ಮಪ್ಪ. ಕುರಿಗಳಿಗೇ ಬಿಟ್ಟಿದ್ದರೆ ನಮ್ಮಕ್ಕನ ಮದುವೆಯಾಗುತ್ತಿತ್ತು. ಇದನ್ನು ನಾನು ತಮಾಷೆಗೆ ಹೇಳುತ್ತಿಲ್ಲ.

ಅಪ್ಪ ಮಧುಗಿರಿಯ ಹೈಸ್ಕೂಲಿನಲ್ಲಿ ಚರಿತ್ರೆಯ ಮೇಷ್ಟ್ರು. ಹಳೆಯ ಕಲ್ಲು ಕಂಡರೆ ಸೈಕಲ್ ನಿಲ್ಲಿಸಿ ಇಳಿಯುವವರು. ಮನೆಗೆ ಯಾರಾದರೂ ಬಂದರೆ ಕಾಫಿ ಆಮೇಲೆ, ಮೊದಲು ಗಂಜಿಮನೆಯ ಕಥೆ. ಅಲ್ಲಿ ಕುರಿ ಕೂಡುತ್ತಿದ್ದ ಮುದುಕನನ್ನೇ ಅಪ್ಪ ಹಿಡಿದು, ಮೇಲಿನವರಿಗೆ ಹೇಳಿ, ಕಾವಲುಗಾರನ ಕೆಲಸ ಕೊಡಿಸಿದ್ದರು. ಅವನ ಕುರಿಗಳನ್ನು ಓಡಿಸಿದ್ದಕ್ಕೆ ಇದು ಪರಿಹಾರ. ಮುದುಕ ಪಾವಗಡದ ಕಡೆಯವನು, ಮಾತಿನ ನಡುವೆ ತೆಲುಗು ಬೆರೆಸುತ್ತಿದ್ದ. ಆ ಕಟ್ಟಡದ ವಿಷಯವಾಗಿ ಅಪ್ಪನಿಗೆ ಗೊತ್ತಿದ್ದದ್ದು ಪುಸ್ತಕದಿಂದ, ಅವನಿಗೆ ಗೊತ್ತಿದ್ದದ್ದು ಅವನ ತಾತನಿಂದ. ಇವೆರಡೂ ಒಂದು ದಿನ ಎದುರುಬದುರಾಗುತ್ತವೆ ಎಂದು ಅಪ್ಪನಿಗೆ ಹೊಳೆಯಲಿಲ್ಲ.

ಆ ಕಟ್ಟಡವನ್ನು ಕಂಡರಾಗದವಳು ಅಪ್ಪನ ತಾಯಿ, ನಮ್ಮಜ್ಜಿ. ಮಿಡಿಗೇಶಿಯ ಬಸ್ಸಿನಲ್ಲಿ ಕೂತರೆ, ಗಂಜಿಮನೆ ಬರುವ ಹೊತ್ತಿಗೆ ಸೆರಗನ್ನು ಮುಖದ ಮೇಲೆ ಎಳೆದುಕೊಳ್ಳುತ್ತಿದ್ದಳು. ಧೂಳು ಎನ್ನುತ್ತಿದ್ದಳು. ಮಳೆಗಾಲದಲ್ಲೂ ಧೂಳೇ. ಅಜ್ಜಿ ತೀರಿಕೊಂಡ ಎರಡನೇ ವರ್ಷಕ್ಕೆ ನೀಲಿ ಬೋರ್ಡು ಬಂತು.

ನಮ್ಮ ಮನೆಯಲ್ಲಿ ವರ್ಷಕ್ಕೊಮ್ಮೆ, ಕಾರ್ತಿಕದ ಕೊನೆಯ ಸೋಮವಾರದ ಮರುದಿನ, ಗೋಡೆಯೂಟ ಎಂದು ಒಂದಿತ್ತು. ಊಟವೆಂದರೆ ಉಪ್ಪು ಹಾಕದ ರಾಗಿ ಅಂಬಲಿ, ಅಷ್ಟೇ. ಎಲ್ಲರೂ ನಡುಮನೆಯ ಗೋಡೆಗೆ ಮುಖ ಮಾಡಿ ಸಾಲಾಗಿ ಕೂರಬೇಕು. ಮಾತಾಡಬಾರದು, ಒಬ್ಬರನ್ನೊಬ್ಬರು ನೋಡಬಾರದು. ಕುಡಿದಾದ ಮೇಲೆ ಬಟ್ಟಲನ್ನು ನೆಲದ ಮೇಲೆ ಮಗುಚಿ, ಅದರ ಬೆನ್ನಿಗೆ ಅಂಗೈಯಿಂದ ಮೂರು ಸಲ ತಟ್ಟಬೇಕು. ಎಲ್ಲರೂ ತಟ್ಟುವ ತನಕ ಯಾರೂ ಏಳುವಂತಿಲ್ಲ. ನನಗೆ ಚಿಕ್ಕಂದಿನಿಂದಲೂ ಆ ಸಪ್ಪೆ ಅಂಬಲಿ ಕಂಡರೆ ಸಿಟ್ಟು. ಯಾಕೆ ಹೀಗೆ ಎಂದು ಅಜ್ಜಿಯನ್ನು ಪೀಡಿಸುತ್ತಿದ್ದೆ. ತನ್ನ ಅತ್ತೆ ನಡೆಸಿಕೊಂಡು ಬಂದದ್ದು, ನಡೆಸಬೇಕು ಎನ್ನುತ್ತಿದ್ದಳು. ಅಪ್ಪ ಮಾತ್ರ ತಮ್ಮದೇ ಒಂದು ವಿವರಣೆ ಇಟ್ಟುಕೊಂಡಿದ್ದರು. ನಮ್ಮ ಮನೆತನದ ಯಾರೋ ಹಿರಿಯ ಶಿವಭಕ್ತರು ಹಾಕಿಕೊಟ್ಟ ಮೌನವ್ರತವಂತೆ. ಜಿಹ್ವೆ ಗೆಲ್ಲಲು ಉಪ್ಪಿಲ್ಲ, ದೃಷ್ಟಿ ಗೆಲ್ಲಲು ಗೋಡೆ. ಕೇಳಿದವರು ತಲೆದೂಗುತ್ತಿದ್ದರು. ನಾವು ಲಿಂಗ ಕಟ್ಟುವ ಜನ, ಇಂಥ ಮಾತು ನಮ್ಮವರಿಗೆ ಹಿಡಿಸುತ್ತದೆ.

ಅಕ್ಕನಿಗೆ ಹತ್ತೊಂಬತ್ತು, ನನಗೆ ಹನ್ನೆರಡು ತುಂಬಿದ ವರ್ಷ, ಎಪ್ಪತ್ತರ ದಶಕದ ನಡುವೆ, ಶಿರಾದಿಂದ ಒಂದು ಸಂಬಂಧದ ಪ್ರಸ್ತಾಪ ಬಂತು. ನಮ್ಮವರೇ, ತಲೆತಲಾಂತರದಿಂದ ದವಸದ ವ್ಯಾಪಾರ, ದೊಡ್ಡ ಮಂಡಿ. ಹುಡುಗನ ತಾಯಿ ಗೊರವನಹಳ್ಳಿಗೆ ಹರಕೆ ತೀರಿಸಲು ಹೋದವರು, ವಾಪಸಾಗುವಾಗ ಹೇಳದೆ ಕೇಳದೆ ನಮ್ಮ ಮನೆಯ ಮುಂದೆ ಇಳಿದರು. ಹುಡುಗಿಯ ಮನೆ ಮಾಮೂಲು ದಿನ ಹೇಗಿರುತ್ತದೆ ಎಂದು ನೋಡುವ ಉಪಾಯ ಅದು. ಆದರೆ ಅವತ್ತು ನಮ್ಮ ಗೋಡೆಯೂಟ. ಬಾಗಿಲಲ್ಲಿ ನೆರಳು ಬಿದ್ದದ್ದು ಗೊತ್ತಾಗಿಯೂ ನಾವು ನಾಲ್ವರೂ ತಿರುಗಲಿಲ್ಲ. ಅವರು ಜಗುಲಿಯಲ್ಲಿ ನಿಂತು ನೋಡುತ್ತಿದ್ದರು. ಒಬ್ಬೊಬ್ಬರಾಗಿ ಬಟ್ಟಲು ಮಗುಚಿ ತಟ್ಟಿ ಎದ್ದ ಮೇಲೆ ಅಮ್ಮ ಗಾಬರಿಯಿಂದ ಓಡಿ ಕಾಲಿಗೆ ನೀರು ಕೊಟ್ಟಳು. ಅಪ್ಪ ಮೌನವ್ರತದ ಕಥೆ ಹೇಳಿದರು. ಆಕೆಗೆ ಅದು ಎಷ್ಟು ಹಿಡಿಸಿತೆಂದರೆ, ಈ ಕಾಲದಲ್ಲಿ ಇಂಥ ಶಿಸ್ತಿನ ಮನೆ ಎಲ್ಲಿ ಸಿಗುತ್ತದೆ ಎಂದು ಹೇಳಿಯೇ ಬಸ್ಸು ಹತ್ತಿದರು. ವಾರದೊಳಗೆ ಒಪ್ಪಿಗೆ ಬಂತು. ಜಾತಕವೂ ಕೂಡಿತು.

ಹುಡುಗನೂ ಬಂದು ನೋಡಿ ಹೋದ. ಒಳ್ಳೆಯ ಹುಡುಗ ಎಂದು ಹೇಳುವುದಕ್ಕೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ, ಆದರೂ ಒಳ್ಳೆಯವನೇ. ನನಗೆ ಪೆಪ್ಪರ್‌ಮಿಂಟು ತಂದಿದ್ದ. ಹಿತ್ತಲಲ್ಲಿ ಎರಡು ನಿಮಿಷ ಮಾತಾಡಲು ಬಿಟ್ಟಾಗ, ಶಿರಾಕ್ಕೆ ಬಂದ ಮೇಲೆ ಸೈಕಲ್ ಕಲಿಸುತ್ತೇನೆ ಎಂದು ಅಕ್ಕನಿಗೆ ಹೇಳಿದನಂತೆ. ಸೊಸೆಗೆ ಸೈಕಲ್ ಕಲಿಸುವ ಮನೆ ಆಗ ನಮ್ಮ ನಾಲ್ಕು ತಾಲ್ಲೂಕಿನಲ್ಲಿ ಎಲ್ಲಿತ್ತು? ಅಕ್ಕ ಆ ಒಂದು ಮಾತನ್ನು ನನಗೆ ಎಷ್ಟು ಸಲ ಹೇಳಿದಳೋ. ನೀರು ಸೇದುವಾಗ, ಅಕ್ಕಿ ಆರಿಸುವಾಗ, ಸುಮ್ಮನೆ ತನ್ನಷ್ಟಕ್ಕೆ ನಗುತ್ತಿದ್ದಳು. ಅವಳಿಗೆ ಅವನು ಬೇಕಾಗಿದ್ದ. ನಮ್ಮ ಮನೆಯಲ್ಲಿ ಹೆಣ್ಣುಮಗಳೊಬ್ಬಳಿಗೆ ಏನಾದರೂ ಅಷ್ಟು ಬೇಕಾಗಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಶಿವರಾತ್ರಿ ಕಳೆದ ಮೇಲೆ ನಿಶ್ಚಿತಾರ್ಥದ ದಿನ ಗೊತ್ತುಮಾಡಲು ಹುಡುಗ, ಅವನ ತಂದೆ ತಾಯಿ ಮೂವರೂ ಬಂದರು. ಶನಿವಾರ ಸಂಜೆ ನಮ್ಮಲ್ಲೇ ಊಟ. ಹುಡುಗನ ತಾಯಿ ಅಮ್ಮನ ಕೈಯ ಎಣ್ಣೆಗಾಯಿಯನ್ನು ಕೇಳಿ ಹಾಕಿಸಿಕೊಂಡರು. ದಿನ ಗೊತ್ತಾಯಿತು. ಭಾನುವಾರ ಹಾಗೇ ಕಳುಹಿಸಿದರೆ ಅಪ್ಪ ಅಪ್ಪನೇ ಅಲ್ಲ. ಎಲ್ಲರೂ ಸೇರಿ ಗಂಜಿಮನೆ ನೋಡಿ, ಅಲ್ಲೇ ನೆರಳಲ್ಲಿ ಬುತ್ತಿ ಉಂಡು, ಸಂಜೆ ಶಿರಾ ಬಸ್ಸಿಗೆ ಹತ್ತಿಸುವುದೆಂದು ತೀರ್ಮಾನಿಸಿದರು. ಬೆಟ್ಟ ತೋರಿಸಿ, ಕೋಟೆ ಇದೆಯಲ್ಲ ಎಂದು ಅಮ್ಮ ಹೇಳಿ ನೋಡಿದಳು. ಬೆಟ್ಟ ಎಲ್ಲರಿಗೂ ಗೊತ್ತಿರುವುದೇ, ಇದು ಹಾಗಲ್ಲ ಎಂದರು ಅಪ್ಪ. ಅಮ್ಮ ಬೆಳಗಿನ ಜಾವವೇ ಎದ್ದು ಹೋಳಿಗೆ ತಟ್ಟಿದಳು, ಚಿತ್ರಾನ್ನ ಕಲಸಿದಳು.

ಬಸ್ಸಿನಲ್ಲಿ ಕಡಲೆಕಾಯಿ ಮೂಟೆಗಳ ಮೇಲೆ ಕೂತು ನಾವೆಲ್ಲ ನಗುತ್ತಾ ಹೋದದ್ದು ನೆನಪಿದೆ. ಹುಡುಗ ನನ್ನ ಜಡೆ ಎಳೆದ. ಅಕ್ಕ ಹಸಿರು ಸೀರೆ ಉಟ್ಟಿದ್ದಳು. ಅಪ್ಪ ಕಂಡಕ್ಟರಿಗೂ ಗಂಜಿಮನೆಯ ಚರಿತ್ರೆ ಹೇಳಿದರು.

ಕಾವಲು ಮುದುಕ ಬಾಗಿಲು ತೆಗೆದ. ಒಳಗೆ ತಣ್ಣಗಿತ್ತು, ಎಷ್ಟು ಗುಡಿಸಿದರೂ ಕುರಿ ಹಿಕ್ಕೆಯ ವಾಸನೆ ಹೋಗಿರಲಿಲ್ಲ. ಒಂದು ಮೂಲೆಯಲ್ಲಿ ಆಳು ಕೂರುವಷ್ಟು ದೊಡ್ಡ ಕೊಪ್ಪರಿಗೆ. ಗೋಡೆಯ ಉದ್ದಕ್ಕೂ ಚಪ್ಪಡಿ ಹಾಸಿತ್ತು, ಅದರ ಮೇಲೆ ಮೊಳಕ್ಕೊಂದರಂತೆ ಗೀರು. ಒಬ್ಬೊಬ್ಬರು ಕೂರುವ ಜಾಗದ ಗುರುತು ಅದು ಎಂದು ಅಪ್ಪ ವಿವರಿಸಿದರು. ಎಷ್ಟು ಕಲ್ಲು ಒಡೆದರೆ ಎಷ್ಟು ಗಂಜಿ, ಗಂಡಸಿಗೆಷ್ಟು, ಹೆಂಗಸಿಗೆಷ್ಟು ಎಂದು ತರಗತಿಯಲ್ಲಿ ಹೇಳುವ ಧಾಟಿಯಲ್ಲೇ ಹೇಳಿದರು. ಹುಡುಗನ ತಂದೆ ಆಕಳಿಸಿದರು. ಅಪ್ಪ ಅದನ್ನು ನೋಡಿ, ಸ್ವಲ್ಪ ಬೇಸರವಾಗಿ, ಮುದುಕನಿಗೆ ಹೇಳಿದರು, ನೀನು ಕೇಳಿದ್ದು ಏನಾದರೂ ಹೇಳಪ್ಪ ಎಂದು.

ಮುದುಕ ತಾನೇ ಸಂಗ್ರಹಿಸಿಟ್ಟಿದ್ದ ಒಂದು ಸೊಟ್ಟ ತಾಮ್ರದ ಬಟ್ಟಲನ್ನು ಗೂಡಿನಿಂದ ತೆಗೆದ. ಎಲ್ಲರಲ್ಲೂ ಚಿಕ್ಕವಳು ನಾನಾದ್ದರಿಂದ ನನ್ನ ಕೈಗೆ ಕೊಟ್ಟು, ಗೋಡೆ ಕಡೆಗೆ ಮುಖ ಮಾಡಿ ಕೂರಮ್ಮ, ಹೇಗೆ ಉಣ್ಣುತ್ತಿದ್ದರು ಅಂತ ತೋರಿಸೋಣ ಎಂದ. ನಾನು ಕುಣಿಯುತ್ತಾ ಹೋಗಿ ಎರಡು ಗೀರುಗಳ ನಡುವೆ ಕೂತೆ. ಹಸಿವಾಗಿತ್ತು, ಬುತ್ತಿಯ ಕಡೆ ಮನಸ್ಸು. ಕುಡಿಯುವ ಹಾಗೆ ಮಾಡು ಎಂದ. ಮಾಡಿದೆ. ಅವನು ಮುಂದಿನದನ್ನು ಹೇಳಲು ಬಾಯಿ ತೆರೆಯುವ ಮೊದಲೇ ನನ್ನ ಕೈ ತನಗೆ ಗೊತ್ತಿದ್ದನ್ನು ಮಾಡಿಬಿಟ್ಟಿತು. ಬಟ್ಟಲನ್ನು ಚಪ್ಪಡಿಯ ಮೇಲೆ ಮಗುಚಿ ಮೂರು ಸಲ ತಟ್ಟಿದೆ. ಆ ಉದ್ದನೆಯ ಕೋಣೆಯಲ್ಲಿ ಸದ್ದು ಈ ತುದಿಯಿಂದ ಆ ತುದಿಗೆ ಹೋಗಿ ಬಂತು.

ಮುದುಕನಿಗೆ ಖುಷಿಯೋ ಖುಷಿ. "ಅರೆ, ನಾ ಇನ್ನೂ ಏಳೇ ಇಲ್ವಲ್ಲ ಸಾಮಿ. ಈ ಮಗೀಗೆ ಯಾರು ಏಳ್ಕೊಟ್ರು? ಅದೇ, ಅಂಗೇಯ. ಉಂಡ್ ಮ್ಯಾಗೆ ಬಟ್ಲು ಬೋರಲಾಕಿ ಮೂರ್ ಸತಿ ತಟ್ಬೇಕಿತ್ತಂತೆ. ಒರಗೆ ಮಕ್ಳು ಮರಿ ಅಸ್ಕೊಂಡ್ ಕುಂತಿರ್ತಾವಲ್ಲ, ಅವ್ಕೇನೂ ಸೆರಗಾಗೆ ಮಡೀಕಂಡ್ ಒಯ್ತಾ ಇಲ್ಲ, ಬಟ್ಲು ಬರಿದಾಗೈತೆ ಅನ್ನೋಕೆ ಸಾಕ್ಸಿ ಅದು. ಮೂರು ತಟ್ಟಿದ್ರೇನೆ ಮೇಸ್ತ್ರಿ ಬಾಗ್ಲು ತೆಗೀತಿದ್ನಂತೆ."

ಗೋಡೆ ಕಡೆಗೆ ಮುಖ ಯಾಕೆಂದು ಅಪ್ಪ ಉತ್ಸಾಹದಿಂದಲೇ ಕೇಳಿದರು. ಪುಸ್ತಕದಲ್ಲಿ ಇಲ್ಲದ ವಿಷಯ ಸಿಕ್ಕಿತಲ್ಲ. ಒಂದೇ ಕೊಪ್ಪರಿಗೆ, ಎಲ್ಲ ಜಾತಿ, ಯಾರು ಉಂಡರು ಎಂದು ಯಾರೂ ನೋಡದಿರಲಿ ಅಂತ ಜನರೇ ಹಾಗೆ ತಿರುಗಿ ಕೂರುತ್ತಿದ್ದರು ಎಂದ ಮುದುಕ. ಉಪ್ಪೂ ಇರಲಿಲ್ಲವಂತೆ. ಅಪ್ಪ ಜೇಬಿನಿಂದ ಪೆನ್ನು ತೆಗೆದಿದ್ದರು. ಉಪ್ಪಿನ ಮಾತು ಬಂದಾಗ ಪೆನ್ನು ಹಾಗೇ ನಿಂತಿತು. ನಾನು ತಿರುಗಿ ನೋಡಿದೆ. ಅಪ್ಪನ ಮುಖದ ಮೇಲೆ ಇನ್ನೂ ನಗುವಿತ್ತು, ತೆಗೆಯುವುದಕ್ಕೆ ಮರೆತ ಹಾಗೆ.

ಹುಡುಗನ ತಾಯಿ ನಿಧಾನವಾಗಿ ಕೇಳಿದರು. "ಇಲ್ಲಿ ಉಂಡೋರ್ನ ಆಮೇಲೆ ಅವರವರ ಜನ ಸೇರುಸ್ಕಂತಿದ್ರಾ?"

"ಎಲ್ಲಿ ಸೇರುಸ್ಕಂತಾರೆ ತಾಯಿ. ಊರ್ ಬುಟ್ಟು ಬ್ಯಾರೆ ಊರಿಗೋಗಿ, ಬಾಯ್ ಮುಚ್ಕಂಡ್ ಬದುಕ್ಕಂಡ್ರಂತೆ."

ಅಮ್ಮ ಹೊರಗೆ ಹುಣಸೆಮರದ ಕೆಳಗೆ ಎಲೆ ಹಾಕಿ, ಹೋಳಿಗೆ ಬಡಿಸಲು ಶುರುಮಾಡಿದಳು. ಹುಡುಗನ ತಾಯಿ ತನಗೆ ಹೊಟ್ಟೆ ಸರಿಯಿಲ್ಲ ಎಂದರು. ಹುಡುಗನ ತಂದೆ ತನಗೆ ಬಿಸಿಲಿಗೆ ಊಟ ಸೇರುವುದಿಲ್ಲ ಎಂದರು. ಹುಡುಗ ಎಲೆಯ ಮುಂದೆ ಕೂತವನು ತಾಯಿಯ ಮುಖ ನೋಡಿ ಎದ್ದ. ಹಿಂದಿನ ಸಂಜೆ ಕೇಳಿ ಹಾಕಿಸಿಕೊಂಡು ಉಂಡ ಜನ. ಅಕ್ಕ ತುಪ್ಪದ ಗಿಂಡಿ ಹಿಡಿದು ನಿಂತೇ ಇದ್ದಳು. ನಾನು ಮೂರು ಹೋಳಿಗೆ ತಿಂದೆ. ಅದನ್ನು ನೆನೆದರೆ ನನ್ನ ಮೇಲೇ ನನಗೆ ಅಸಹ್ಯವಾಗುತ್ತದೆ. ಉಳಿದ ಬುತ್ತಿಯನ್ನೆಲ್ಲ ಅಪ್ಪ ಮುದುಕನಿಗೆ ಕೊಟ್ಟರು. ಅವನು ಏನೂ ಅರಿಯದೆ, ರಸ್ತೆಯ ಕಡೆಗೆ ಮುಖ ಮಾಡಿ ಕೂತು ಸಂತೋಷವಾಗಿ ಉಂಡ.

ಹದಿನೈದು ದಿನಕ್ಕೆ, ಮಧ್ಯಸ್ಥಿಕೆ ವಹಿಸಿದ್ದ ದೂರದ ನೆಂಟರ ಮೂಲಕ ಮಾತು ಬಂತು. ಜಾತಕ ಇನ್ನೊಂದು ಸಲ ನೋಡಿಸಿದರಂತೆ, ಕೂಡಲಿಲ್ಲವಂತೆ. ನಿಜವಾದ ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಆದರೆ ಅದು ನಮಗಿಂತ ಮುಂಚೆ ಕೊರಟಗೆರೆ ತಲುಪಿತ್ತು, ವೈ.ಎನ್. ಹೊಸಕೋಟೆ ತಲುಪಿತ್ತು. ಆಮೇಲೆ ಬಂದ ಎರಡು ಸಂಬಂಧಗಳೂ ನಮ್ಮ ಮನೆಯ ಕಾಫಿ ಕುಡಿಯದೆಯೇ ವಾಪಸಾದವು. ಮಠದಲ್ಲಿ ಕೂತು ಎಲ್ಲರೂ ಒಂದೇ ಎಂದು ಕೇಳಿ ಕಣ್ಣೊರೆಸಿಕೊಳ್ಳುವ ಜನವೇ ಇವರು. ಹಸಿದು ಅಂಬಲಿ ಕುಡಿದದ್ದು ನಮಗೆ ಕಳಂಕವಾಯಿತು. ಅದೇ ಬರದಲ್ಲಿ ಶಿರಾದ ಆ ದವಸದ ಮನೆಯವರ ಹಗೇವಿನಲ್ಲಿ ರಾಗಿ ಇತ್ತೋ ಇಲ್ಲವೋ ಎಂದು ಯಾರೂ ಕೇಳಲಿಲ್ಲ. ಆ ಅಂಬಲಿ ಇಲ್ಲದಿದ್ದರೆ ಅಪ್ಪನೂ ಇಲ್ಲ, ನಾನೂ ಇಲ್ಲ. ನನಗೆ ಈಗಲೂ ಕೋಪ ಇಳಿದಿಲ್ಲ.

ಅಪ್ಪ ಆಮೇಲೆ ಆ ಕಡೆಗೆ ಹೋಗಲಿಲ್ಲ. ಗಂಜಿಮನೆಯ ಕಥೆ ನಿಂತಿತು. ಒಂದು ದಿನ ಅಮ್ಮ ಸೊಪ್ಪು ಬಿಡಿಸುತ್ತಿದ್ದಾಗ, ಯಾರೂ ಏನೂ ಕೇಳದಿದ್ದರೂ, ಅವರಷ್ಟಕ್ಕೆ ಅವರೇ ಹೇಳಿದರು.

"ನಮ್ಮಮ್ಮ ಒಂದು ಮಾತು ಹೇಳಿದ್ದಿದ್ರೆ, ಆ ಕಟ್ಟಡಾನ ಬಿದ್ದೋಗಕ್ಕೆ ಬುಟ್ಬುಡ್ತಿದ್ದೆ."

ಮೂವತ್ತು ವರ್ಷ ಚರಿತ್ರೆ ಹೇಳಿಕೊಟ್ಟವರ ಬಾಯಿಂದ ಬಂದ ಮಾತು ಅದು. ಆ ಕಾರ್ತಿಕದಲ್ಲಿ ಅಮ್ಮ ಅಂಬಲಿ ಕಾಯಿಸಲಿಲ್ಲ, ನಡುಮನೆಯ ಗೋಡೆಗೆ ಸುಣ್ಣ ಹೊಡೆಸಿ, ಬೀರು ತಂದು ಅಡ್ಡ ಇಟ್ಟಳು.

ನಾನು ಎಷ್ಟೋ ದಿನ ಅತ್ತೆ. ನೀನೇ ಮಾಡಿದ್ದು ಎಂದು ಅಕ್ಕ ಒಂದು ಸಲ ಬೈದಿದ್ದರೆ ನನಗೆ ಹಗುರವಾಗುತ್ತಿತ್ತೇನೋ. ಬೈಯಲಿಲ್ಲ. ಹಸಿರು ಸೀರೆಯನ್ನು ಮಡಚಿ ಟ್ರಂಕಿನ ತಳಕ್ಕೆ ಹಾಕಿದಳು. ಟೈಲರಿಂಗ್ ಕಲಿತಳು. ಅದೇ ಮೆಷಿನ್ನಿನ ಮುಂದೆ ಅವಳಿಗೆ ಇಪ್ಪತ್ತೈದಾಯಿತು, ಮೂವತ್ತಾಯಿತು. ಸೈಕಲ್ ಕಲಿಯಲಿಲ್ಲ. ನಾನು ಕಲಿಸುತ್ತೇನೆಂದು ಒಂದು ಸಲ ಹೇಳಿದಾಗ, ಬೇಡ ಬಿಡೇ ಎಂದಳು.

ಎಂಬತ್ತರ ದಶಕದ ಮೊದಲಿಗೆ ನನಗೆ ತುಮಕೂರಿನ ಆಚೆಯಿಂದ ಸಂಬಂಧ ನೋಡಿದರು, ಸುದ್ದಿ ಮುಟ್ಟಿರದಷ್ಟು ದೂರದಿಂದ. ನಿಮ್ಮ ಮನೆಯಲ್ಲಿ ವಿಶೇಷ ಆಚರಣೆ ಏನಾದರೂ ಉಂಟೇ ಎಂದು ಅವರು ಲೋಕಾಭಿರಾಮವಾಗಿ ಕೇಳಿದರು. ಏನೂ ಇಲ್ಲ ಎಂದರು ಅಪ್ಪ. ಅಷ್ಟು ಸಲೀಸಾಗಿ ಸುಳ್ಳು ಹೇಳಿದ್ದನ್ನು ನಾನು ನೋಡಿದ್ದು ಅದೇ ಮೊದಲು. ದೊಡ್ಡವಳಿಗೆ ಇನ್ನೂ ಯಾಕೆ ಮದುವೆಯಾಗಿಲ್ಲ ಎಂದು ಕೇಳಿದಾಗ ಮಾತ್ರ ಅವರ ಬಾಯಿ ಕಟ್ಟಿತು. ಅಕ್ಕನೇ ಒಳಗಿನಿಂದ ಕಾಫಿ ಲೋಟಗಳನ್ನು ತಂದಿಟ್ಟು, ತನಗೇ ಮದುವೆ ಬೇಡವಾಗಿತ್ತು, ಬಂದ ಗಂಡುಗಳನ್ನೆಲ್ಲ ತಾನೇ ಬೇಡವೆಂದೆ ಎಂದು ಹೇಳಿ ಒಳಗೆ ಹೋದಳು. ಅವರು ಕಾಫಿ ಕುಡಿದರು. ನನ್ನ ಮದುವೆಯಾಯಿತು.

ನನ್ನ ಮಗಳಿಗೆ ನಾಲ್ಕು ತುಂಬಿದ ಬೇಸಿಗೆಯಲ್ಲಿ ನಾವು ಮಧುಗಿರಿಗೆ ಬಂದಿದ್ದೆವು. ಒಂದು ಭಾನುವಾರ ನನ್ನ ಗಂಡ, ಮನೆಯಲ್ಲಿ ಕೂತು ಸಾಕಾಗಿ, ಮಿಡಿಗೇಶಿ ಕೋಟೆ ನೋಡಿಕೊಂಡು ಬರೋಣ ಎಂದರು. ಅಕ್ಕನನ್ನೂ ಕರೆದುಕೊಂಡೆವು. ಹೋಗುವಾಗಲೇ ಬಸ್ಸಿನ ಕಿಟಕಿಯಿಂದ ಅವರಿಗೆ ನೀಲಿ ಬೋರ್ಡು ಕಂಡಿತ್ತು. ಕೋಟೆ ನೋಡಿ ವಾಪಸಾಗುವಾಗ, ಇದನ್ನೂ ನೋಡಿಬಿಡೋಣ ಎಂದು ಬಸ್ಸು ನಿಲ್ಲಿಸಿ ಇಳಿಸಿಯೇಬಿಟ್ಟರು. ನಾನು ತಲೆನೋವು ಎಂದೆ. ನೆರಳಿದೆಯಲ್ಲ ಎಂದರು.

ಮುದುಕ ತೀರಿಕೊಂಡಿದ್ದ. ಬಾಗಿಲು ತೆರೆದೇ ಇತ್ತು, ಕಾವಲಿಗೆ ಯಾರೂ ಇರಲಿಲ್ಲ. ಬೋರ್ಡಿನ ಬಣ್ಣ ಹಾರಿತ್ತು. ಕೊಪ್ಪರಿಗೆಯನ್ನು ಯಾರೋ ಹೊತ್ತುಕೊಂಡು ಹೋಗಿದ್ದರು. ಕುರಿಗಳು ಮತ್ತೆ ಬರತೊಡಗಿದ್ದವು. ಇಲ್ಲಿ ಯಾರು ಇದ್ದರು ಎಂದು ಗಂಡ ಕೇಳಿದರು. ಯಾರೋ ಪಾಪ, ಬರಗಾಲದವರು ಎಂದೆ. ಅಕ್ಕ ನನ್ನ ಮುಖ ನೋಡಲಿಲ್ಲ. ಚಪ್ಪಡಿಯ ಮೇಲೆ ಕೂತು, ಸ್ಟೀಲ್ ಬಟ್ಟಲಲ್ಲಿ ತಂದಿದ್ದ ಮೊಸರನ್ನವನ್ನು ಮಗುವಿಗೆ ತಿನ್ನಿಸತೊಡಗಿದಳು.

ಕೊನೆಯ ತುತ್ತು ನುಂಗಿ ಮಗಳು ಅಕ್ಕನ ಕೈಯಿಂದ ಬಟ್ಟಲು ಕಿತ್ತುಕೊಂಡಳು. ಗೋಡೆಯ ಕಡೆಗೆ ತಿರುಗಿ ಕೂತು, ಬಟ್ಟಲನ್ನು ಬೋರಲು ಹಾಕಿ, ಪುಟ್ಟ ಅಂಗೈಯಿಂದ ತಟ್ಟಿದಳು. ಒಂದು, ಎರಡು, ಮೂರು. ತಟ್ಟಿ ದೊಡ್ಡಮ್ಮನ ಕಡೆ ನೋಡಿ ಹೆಮ್ಮೆಯಿಂದ ನಕ್ಕಳು.

ಆಗ ನನಗೆ ಅರ್ಥವಾಯಿತು. ಹೆರಿಗೆಗೆ, ಹಬ್ಬಕ್ಕೆ, ನಾನು ಜ್ವರದಲ್ಲಿ ಮಲಗಿದ್ದ ಕಾರ್ತಿಕದಲ್ಲಿ, ಮಗು ಎಷ್ಟೋ ದಿನ ಅಕ್ಕನ ಹತ್ತಿರವೇ ಬೆಳೆದಿತ್ತು. ಬೀರುವಿನ ಹಿಂದೆ ಗೋಡೆ ಹೋದರೂ ಅಡುಗೆಮನೆಯಲ್ಲಿ ಅಕ್ಕನಿಗೊಂದು ಗೋಡೆ ಇತ್ತು. ನಾವೆಲ್ಲ ಬಿಟ್ಟದ್ದನ್ನು ಅವಳೊಬ್ಬಳು ಬಿಟ್ಟಿರಲಿಲ್ಲ. ಅದರಿಂದ ಎಲ್ಲವನ್ನೂ ಕಳೆದುಕೊಂಡವಳು ಅವಳು.

ಅಷ್ಟೆಲ್ಲ ಅರ್ಥವಾಗಿಯೂ ನಾನು ಮಾಡಿದ್ದೇನು? ಎದ್ದು ಹೋಗಿ ಮಗಳ ಕೆನ್ನೆಗೆ ಬಾರಿಸಿದೆ. ಅವಳಿಗೆ ಹೊಡೆದದ್ದು ಅದೇ ಮೊದಲು. ಮಗು ಉಸಿರು ಕಟ್ಟಿ ಅತ್ತಿತು. ಗಂಡ ಬೆರಗಾಗಿ, ಯಾಕೆ ಹೊಡೆದೆ, ಅದೇನು ತಟ್ಟಿದ್ದು, ಯಾರು ಹೇಳಿಕೊಟ್ಟದ್ದು ಎಂದು ಕೇಳಿದರು. ಅಪ್ಪನಿಗಾದರೂ ಗೊತ್ತಿರಲಿಲ್ಲ, ನನಗೆ ಎಲ್ಲ ಗೊತ್ತಿತ್ತು. ಆದರೂ ಒಂದು ಮಾತು ಹೊರಡಲಿಲ್ಲ.

ಅಕ್ಕ ಮಗುವನ್ನು ಎತ್ತಿಕೊಂಡಳು. "ಹೊಡೀಬ್ಯಾಡ ಕಣೆ. ನಾನೇ ಸುಮ್ನೆ ಆಟಕ್ಕೆ ಹೇಳ್ಕೊಟ್ಟಿದ್ದು" ಎಂದಳು. ಆಮೇಲೆ ನನ್ನ ಗಂಡನ ಕಡೆ ತಿರುಗಿ, "ಒಂಟಿ ಹೆಂಗ್ಸು ನೋಡಿ, ಏನಾದ್ರೂ ಒಂದು ಹುಚ್ಚು ಇರ್ತದೆ" ಎಂದು ನಕ್ಕಳು. ಅವರು ನಂಬಿದರು. ಅವರೂ ನಕ್ಕರು.

ಇನ್ನು ಮೇಲೆ ಆಡಬಾರದು ಕಂದ, ಅಮ್ಮನಿಗೆ ಇಷ್ಟವಿಲ್ಲ ಎಂದು ಅಕ್ಕ ಮಗುವಿಗೆ ಮೆಲ್ಲಗೆ ಹೇಳುತ್ತಿದ್ದುದು ನನಗೆ ಕೇಳಿಸಿತು. ಮಗಳು ಆ ಮಾತು ಉಳಿಸಿಕೊಂಡಳು. ಮತ್ತೆಂದೂ ತಟ್ಟಲಿಲ್ಲ, ದೊಡ್ಡವಳಾದ ಮೇಲೆ ಅವಳಿಗೆ ಅದರ ನೆನಪೂ ಉಳಿಯಲಿಲ್ಲ.

ಪಾವಗಡದ ಕಡೆಯಿಂದ ಬಸ್ಸು ಬಂತು, ಹತ್ತಿದೆವು. ಅಕ್ಕ ಕಿಟಕಿಯ ಪಕ್ಕ ಕೂತು ಆ ಕಟ್ಟಡ ಮರೆಯಾಗುವ ತನಕ ಅದನ್ನೇ ನೋಡುತ್ತಿದ್ದಳು. ಧೂಳು ಎಂದು ಗಂಡನಿಗೆ ಹೇಳಿ, ನಾನು ಸೆರಗನ್ನು ಮುಖದ ಮೇಲೆ ಎಳೆದುಕೊಂಡೆ.